ಹೂಗುಮಾಂಟಿನ ಗೋಡೆಗೆ ಮಸಿ ಎಷ್ಟು ಹೊತ್ತಿಗೆ?

ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಪುಟ್ಟ ಕಟ್ಟಡಗಳಿಗೆ ಬಣ್ಣ ಹಚ್ಚಿ ರಣಭೂಮಿಯ ಪ್ರತಿಕೃತಿ ನಿರ್ಮಿಸುವ ಹವ್ಯಾಸಿಗಳು, ಹೊಸ ಗೋಡೆಯನ್ನು ಹಳೆಯದಾಗಿಸಲು ಬಹಳ ಶ್ರಮಿಸುತ್ತಾರೆ. ಆದರೆ ಕೆಸರೆಲ್ಲಿ, ಮಸಿಯೆಲ್ಲಿ ಎಂಬುದನ್ನು ನಿರ್ಧರಿಸಬೇಕಾದುದು ಇತಿಹಾಸ.

ವಾಟರ್ಲೂ ಕದನದ ಹೂಗುಮಾಂಟ್ ತೋಟದ ಮನೆಯನ್ನೇ ನೋಡಿ. 1815ರ ಜೂನ್ 17ರ ರಾತ್ರಿ ಅಲ್ಲಿ ಜಡಿಮಳೆ. ಹಾಗಾಗಿ ಮರುದಿನದ ಗೋಡೆಯ ಬುಡಕ್ಕೆ ಒಣಧೂಳು ಸಲ್ಲದು, ಸಿಡಿದ ಕೆಸರೇ ಬೇಕು. ತೋಟದ ಇಟ್ಟಿಗೆ ಗೋಡೆಯಲ್ಲಿ ಬ್ರಿಟಿಷ್ ಪಡೆಯವರು ಬಂದೂಕು ತೂರಿಸಲು ಕಂಡಿಗಳನ್ನು ಕೊರೆದಿದ್ದರು. ಅವುಗಳ ಅಂಚು ಆಗತಾನೇ ಒಡೆದ ಇಟ್ಟಿಗೆಯಂತೆ ಕೆಂಪಗಿರಬೇಕು, ಪಾಚಿ ಕೂಡದು.

ಇನ್ನು ಮಸಿ. ಮಧ್ಯಾಹ್ನದ ಮೇಲೆ ಫ್ರೆಂಚರ ಫಿರಂಗಿ ಗುಂಡುಗಳಿಂದ ಬಂಗಲೆಯೂ ಕಣಜದ ಕಟ್ಟಡವೂ ಹೊತ್ತಿಕೊಂಡವು. ಒಳಗೆ ಮಲಗಿಸಿದ್ದ ಗಾಯಾಳುಗಳು ಬೆಂದುಹೋದರು. ಪ್ರಾರ್ಥನಾ ಮಂದಿರಕ್ಕೂ ತಗುಲಿದ ಬೆಂಕಿ, ಶಿಲುಬೆಯ ಮೇಲಿನ ಕ್ರಿಸ್ತನ ಮರದ ವಿಗ್ರಹದ ಪಾದಗಳನ್ನು ಸುಟ್ಟು ನಿಂತಿತು. ಜ್ವಾಲೆ ಮೇಲಕ್ಕೇರುವುದರಿಂದ ಕಪ್ಪು ಕಿಟಕಿಗಳ ನೆತ್ತಿಯಲ್ಲಿ ದಟ್ಟವಾಗಬೇಕು. ಆದರೆ ಹೆಚ್ಚಿನವರು ಆರಿಸುವ ದೃಶ್ಯ ಉತ್ತರದ ಹೆಬ್ಬಾಗಿಲನ್ನು ಮುಚ್ಚಿದ್ದು. ಅದು ಬೆಂಕಿಗಿಂತ ಮೊದಲಿನದು! ಆ ದೃಶ್ಯದ ಗೋಡೆಗೆ ಮಸಿ ಬಳಿಯುವುದು, ನನ್ನ ಮಟ್ಟಿಗೆ, ಉತ್ತರಪತ್ರಿಕೆಯಲ್ಲಿ ತಪ್ಪು ಇಸವಿ ಬರೆದಂತೆಯೇ.

ವಿಲಿಯಂ ಸೈಬೋರ್ನ್ 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ ಬೃಹತ್ ಮಾದರಿ ಸಂಜೆ ಸುಮಾರು 7 ಗಂಟೆಯ ಕದನದ್ದು. ಅದಕ್ಕಾಗಿ ಆತ ತಿಂಗಳುಗಟ್ಟಲೆ ರಣಭೂಮಿಯನ್ನು ಅಳೆದ. ಹೋರಾಡಿದ ಅಧಿಕಾರಿಗಳಿಗೆ ಪತ್ರ ಬರೆದು ವಿಚಾರಿಸಿದ.

ಕೈಕೆಲಸದ ಮಾತೊಂದು ಉಳಿಯಿತು. ಪ್ಲಾಸ್ಟರ್ ನೀರನ್ನು ಹೀರಿಬಿಡುತ್ತದೆ. ಮೊದಲು ಅಸ್ತರಿ ಬಣ್ಣ ಬಳಿದು ಒಣಗಿಸಿ, ಆಮೇಲೆ ತೆಳುವಾದ ಕಪ್ಪುಗಂದು ನೀರನ್ನು ಹಾಯಿಸಿದರೆ ಅದು ಇಟ್ಟಿಗೆಗಳ ಸಂದಿಗೆ ತಾನಾಗಿ ಇಳಿಯುತ್ತದೆ.