ಐನ್‌ಮನೆ

ಐನ್‌ಮನೆ: ಕೊಡಗಿನ ಕೊಡವರಲ್ಲಿ ಒಬ್ಬನೇ ಮೂಲಪುರುಷನಿಂದ ಬೆಳೆದುಬಂದ ಪಿತೃವಂಶೀಯ ಕುಲವಾದ ‘ಒಕ್ಕ’ದ ಮೂಲಗೃಹ. ಪೂರ್ವಕಾಲದಲ್ಲಿ ಅಜ್ಜಂದಿರು, ಅವರ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಂಬ ಭೇದವಿಲ್ಲದೆ ಒಕ್ಕದ ಹಲವು ತಲೆಮಾರುಗಳು ಈ ಒಂದೇ ಸೂರಿನಡಿಯಲ್ಲಿ ಬಾಳಿ, ‘ಜಮ್ಮಾ’ ಎಂಬ ಅವಿಭಕ್ತ ಭೂಮಿಯನ್ನು ಕೂಡಿ ಉತ್ತು, ಅದರ ಫಲವನ್ನು ಕೂಡಿ ಉಣ್ಣುತ್ತಿದ್ದವು. ಒಕ್ಕದ ಹಿರಿಯನಾದ ಪಟ್ಟೆದಾರನು ಸಾಗುವಳಿ, ವಿವಾಹ, ಪಿತೃಪೂಜೆ ಮೊದಲಾದ ಕಾರ್ಯಗಳಿಗೆಲ್ಲ ಹೊಣೆಗಾರನಾಗಿದ್ದನು.

ರಚನೆ: ಸಾಮಾನ್ಯವಾಗಿ ಗದ್ದೆಬಯಲಿನ ಅಂಚಿನ ಎತ್ತರದ ನೆಲದಲ್ಲಿ ನಿಂತಿರುವ ಈ ಗೃಹಕ್ಕೆ ಓಣಿಯ ಮೂಲಕ ಪ್ರವೇಶ. ಮುಂದಿನ ‘ಕೈಯಾಲೆ’ ಎಂಬ ಜಗುಲಿಯಲ್ಲಿ, ಕೆತ್ತನೆಯ ಕಂಬಗಳ ನಡುವೆ, ತಲೆಮಾರುಗಳು ಕುಳಿತು ನುಣುಪೇರಿದ ಅಗಲ ಹಲಗೆಯ ಆಸನವೇ ‘ಐಮರ’. ಒಳಗಿನ ನಡುಕೋಣೆಯಾದ ‘ನೆಲ್ಲಕ್ಕಿ ನಡುಬಾಡೆ’ಯಲ್ಲಿ ತೂಗುದೀಪವನ್ನು ಬೆಳಗಿ ಹಿರಿಯರನ್ನು ಸ್ಮರಿಸುವರು. ಮೂಲಪುರುಷನಾದ ಗುರುಕಾರೋಣನಿಗೆ ಮನೆಯ ಸಮೀಪದಲ್ಲಿ ‘ಕೈಮಡ’ವೆಂಬ ಗುಡಿಯುಂಟು.

ಪರಿವರ್ತನೆ: 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಾಫಿ ಬೇಸಾಯ ಹಬ್ಬಿ, ವಿದ್ಯೆ ಉದ್ಯೋಗಗಳು ಯುವಕರನ್ನು ದೂರಕ್ಕೆ ಸೆಳೆಯಲು, ಸಹವಾಸವು ಕ್ರಮೇಣ ಕ್ಷೀಣಿಸಿತು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟವಾದ ಕೊಡವರ ಕುರಿತ ತಮ್ಮ ಗ್ರಂಥದಲ್ಲಿ ಒಕ್ಕದ ಸ್ವರೂಪವನ್ನು ವಿಶದವಾಗಿ ವಿವೇಚಿಸಿದ್ದಾರೆ. ಇಂದಿಗೂ ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಚದುರಿದ ಬಂಧುಗಳು ಐನ್‌ಮನೆಯಲ್ಲಿ ನೆರೆದು ಹೊಸ ಕದಿರನ್ನು ಬರಮಾಡಿಕೊಳ್ಳುವರು. 1997ರಲ್ಲಿ ಆರಂಭವಾದ ಕೊಡವ ಹಾಕಿ ಉತ್ಸವದಲ್ಲಿಯೂ ತಂಡಗಳು ಒಕ್ಕದ ಹೆಸರಿನಲ್ಲಿಯೇ ಸ್ಪರ್ಧಿಸುವುವು. ಸಹವಾಸ ಅಳಿದರೂ ಕುಲಭಾವವು ಅಳಿಯದೆ ಉಳಿದಿರುವುದು ಈ ಸಂಸ್ಥೆಯ ಶ್ಲಾಘ್ಯವಾದ ಸತ್ತ್ವ.