ತೇರನ್ನು ಉರುಳಿಸಿದ ಬಲ ಯಾವುದು?

ಕೊಟ್ಟೂರೇಶ್ವರನ ತೇರನ್ನು ನೀವು ನೋಡಿರಬಹುದು. 2017ರ ಫೆಬ್ರವರಿ 21ರಂದು, ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನಲ್ಲಿದ್ದಾಗ, ಸುಮಾರು 60 ಅಡಿ ಎತ್ತರದ ಆ ತೇರು ಅಚ್ಚು ಮುರಿದು ಉರುಳಿತು. ಹಲವರು ಗಾಯಗೊಂಡರು. ತೇರನ್ನು ಉರುಳಿಸಿದ ಬಲ ಯಾವುದು?

ಹಗ್ಗ ಎಳೆದವರದು ಎನ್ನುತ್ತೀರಾ? ಅದು ಸಂಪರ್ಕ ಬಲ. ಕೈ ಹಗ್ಗವನ್ನು ಮುಟ್ಟಬೇಕು, ಹಗ್ಗ ತೇರನ್ನು ಮುಟ್ಟಬೇಕು. ಗಾಲಿಗೂ ನೆಲಕ್ಕೂ ನಡುವಿನ ಘರ್ಷಣೆಯೂ ಹಾಗೆಯೇ. ಆದರೆ ತೇರನ್ನು ಕೆಳಕ್ಕೆ ಸೆಳೆದದ್ದು ಗುರುತ್ವ. ಅದಕ್ಕೆ ಸ್ಪರ್ಶ ಬೇಕಿಲ್ಲ. ತೇರು ನಿಶ್ಚಲವಾಗಿ ನಿಂತಿದ್ದ ದಿನಗಳಲ್ಲೂ ಅದು ಅಷ್ಟೇ ಪ್ರಮಾಣದಲ್ಲಿ ವರ್ತಿಸುತ್ತಿತ್ತು. ಅಚ್ಚು ಮುರಿದಾಗ ಗುರುತ್ವ ಹೆಚ್ಚಲಿಲ್ಲ; ಅದನ್ನು ಸರಿದೂಗಿಸುತ್ತಿದ್ದ ಆಸರೆ, ಅಂದರೆ ಒಂದು ಸಂಪರ್ಕ ಬಲ, ತಪ್ಪಿತು. ತರಗತಿಯಲ್ಲಿ ಈ ಮಾತು ಎಷ್ಟೋ ವೇಳೆ ಬಿಟ್ಟುಹೋಗುತ್ತದೆ.

ಮುಟ್ಟದೆ ಸೆಳೆಯುವುದು ಹೇಗೆ ಎಂಬ ಅನುಮಾನ ಬಂದರೆ ಸಂಕೋಚ ಬೇಡ. 17ನೆಯ ಶತಮಾನದ ಘಟಾನುಘಟಿಗಳಿಗೂ ಅದು ಬಂದಿತ್ತು. ಫ್ರಾನ್ಸಿನ ಡೇಕಾರ್ಟ್, ಗ್ರಹಗಳನ್ನು ಸೂಕ್ಷ್ಮ ದ್ರವ್ಯದ ಸುಳಿಗಳು ತಳ್ಳುತ್ತವೆ ಎಂದು ನಂಬಿದ್ದ. ತಳ್ಳದೆ ಚಲನೆ ಬದಲಾಗದು ಎಂಬುದು ಅವನ ವಾದ. 1687ರಲ್ಲಿ ನ್ಯೂಟನ್ 'ಪ್ರಿನ್ಸಿಪಿಯಾ'ದಲ್ಲಿ ಗುರುತ್ವದ ನಿಯಮ ಕೊಟ್ಟಾಗ ಲೈಬ್ನಿಟ್ಸ್ ಅದನ್ನು ನಿಗೂಢ ಶಕ್ತಿಯೆಂದು ಟೀಕಿಸಿದ. ಸ್ವಾರಸ್ಯವೆಂದರೆ, ಸ್ವತಃ ನ್ಯೂಟನ್‌ಗೂ ಸಮಾಧಾನವಿರಲಿಲ್ಲ. ನಡುವೆ ಏನೂ ಇಲ್ಲದೆ ದೂರದ ವಸ್ತು ಇನ್ನೊಂದನ್ನು ಸೆಳೆಯುತ್ತದೆಂಬುದು ಅಸಂಬದ್ಧ ಎಂದು 1693ರಲ್ಲಿ ಬೆಂಟ್ಲಿಗೆ ಪತ್ರ ಬರೆದ. ಲೆಕ್ಕ ಮಾತ್ರ ಸರಿಯಾಗಿ ಬರುತ್ತಿತ್ತು!

19ನೆಯ ಶತಮಾನದಲ್ಲಿ ಫ್ಯಾರಡೆ ಅಯಸ್ಕಾಂತದ ಸುತ್ತ ಕಬ್ಬಿಣದ ಅರದ ಪುಡಿ ಗೆರೆಗಟ್ಟುವುದನ್ನು ತೋರಿಸಿ, ನಡುವಿನ ಜಾಗ ಬರಿದಲ್ಲ, ಅಲ್ಲಿ ಬಲರೇಖೆಗಳಿವೆ ಎಂದ. 'ಕ್ಷೇತ್ರ'ದ ಕಲ್ಪನೆ ಬೆಳೆದದ್ದು ಹೀಗೆ. 1915ರಲ್ಲಿ ಐನ್‌ಸ್ಟೈನ್ ಗುರುತ್ವಕ್ಕೂ ಕ್ಷೇತ್ರಸಿದ್ಧಾಂತ ಕೊಟ್ಟ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಬಿಲ್ಲು ಬಿಟ್ಟು ಕೈ ಸೇರುವವರೆಗೆ, ಗಾಳಿಯ ಅಲ್ಪ ತಡೆಯನ್ನು ಬಿಟ್ಟರೆ, ಅವನ ಮೇಲಿರುವುದು ಗುರುತ್ವವೊಂದೇ. ವಿದ್ಯಾರ್ಥಿಗಳಿಂದ ಈ ಕ್ಷಣದ ಬಲಚಿತ್ರ ಬರೆಸಿ ನೋಡಿ.

ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಮಕ್ಕಳಿಗೆ ಜೋಳ ತೂರುವುದನ್ನು ಕೇಳಬಹುದು. ಕಾಳು, ಹೊಟ್ಟು ಎರಡನ್ನೂ ಗುರುತ್ವ ಸೆಳೆಯುತ್ತದೆ. ಹಗುರವಾದ ಹೊಟ್ಟನ್ನು ಗಾಳಿ ದೂರ ತಳ್ಳುತ್ತದೆ. ಗಾಳಿ ಕಾಣದು, ಹಾಗಾಗಿ ಅದರದು ಸಂಪರ್ಕರಹಿತ ಬಲ ಎಂದು ಬರೆಯುವವರುಂಟು. ಗಾಳಿಯ ಅಣುಗಳು ಹೊಟ್ಟಿಗೆ ಬಡಿಯುತ್ತವೆ, ಅದು ಸಂಪರ್ಕ ಬಲವೇ. ಇನ್ನು ಆ ಅಣುಗಳು ನಿಜಕ್ಕೂ 'ಮುಟ್ಟು'ತ್ತವೆಯೇ ಎಂದು ಜಾಣ ವಿದ್ಯಾರ್ಥಿ ಕೇಳಿದರೆ, ಅಣುಗಳ ನಡುವೆ ವರ್ತಿಸುವುದು ವಿದ್ಯುತ್ ಬಲ ಎನ್ನಿ. ಫ್ಯಾರಡೆ ಮತ್ತೆ ಬರುತ್ತಾನೆ.