ಬೆಳದಿಂಗಳ ತಾಜಮಹಲು ಮತ್ತು ಹಚ್ಚದ ದೀಪಗಳು

ಆಗ್ರಾದ ತಾಜಮಹಲನ್ನು ರಾತ್ರಿಯ ಹೊತ್ತು ನೋಡಲು ಹೋದವರಿಗೆ ಮೊದಲು ಆಶ್ಚರ್ಯವುಂಟುಮಾಡುವ ಸಂಗತಿಯೆಂದರೆ ಆ ಕಟ್ಟಡದ ಮೇಲೆ ಒಂದು ವಿದ್ಯುದ್ದೀಪದ ಬೆಳಕೂ ಬೀಳದಿರುವುದು. ಇಂದು ಊರಿನ ಸಾಮಾನ್ಯ ಗಡಿಯಾರದ ಗೋಪುರಕ್ಕೂ ಬಣ್ಣದ ದೀಪ ತೊಡಿಸುವ ಕಾಲದಲ್ಲಿ, ಜಗತ್ತಿನಲ್ಲೆಲ್ಲ ಹೆಸರಾದ ಸ್ಮಾರಕವೊಂದು ರಾತ್ರಿ ಕತ್ತಲೆಯಲ್ಲಿಯೇ ಇರುತ್ತದೆ. ಚಂದ್ರನಿದ್ದರೆ ಕಾಣುತ್ತದೆ, ಮೋಡ ಕವಿದರೆ ಮರೆಯಾಗುತ್ತದೆ. ಇದು ಹಣದ ಕೊರತೆಯಿಂದ ಆದುದಲ್ಲ. ಇದರ ಹಿಂದೆ ಇತಿಹಾಸವಿದೆ, ನಾವು ಜೈನರು ವಿಶೇಷವಾಗಿ ಗಮನಿಸಬೇಕಾದ ಒಂದು ಕಾರಣವೂ ಇದೆ.

1984ರವರೆಗೆ ತಾಜಮಹಲು ಹುಣ್ಣಿಮೆಯ ರಾತ್ರಿಗಳಲ್ಲಿ ತೆರೆದಿರುತ್ತಿತ್ತು. ಶರತ್ಪೂರ್ಣಿಮೆಯಂದು ಸುತ್ತಲಿನ ಹಳ್ಳಿಗಳವರೆಲ್ಲ ಬಂದು ಬೆಳಗಿನವರೆಗೂ ಕುಳಿತಿರುತ್ತಿದ್ದರು. ಅಮೃತಶಿಲೆಯಲ್ಲಿ ಕೂರಿಸಿದ ಹರಳುಗಳಿಗೆ ಚಂದ್ರನ ಕಿರಣ ತಾಗಿ ಮಿಂಚುವುದನ್ನು ಅಲ್ಲಿಯ ಜನ ‘ಚಮ್ಕಿ’ ಎನ್ನುತ್ತಾರೆ. ಆ ಜಾತ್ರೆಗೂ ಅದೇ ಹೆಸರು. 1984ರಲ್ಲಿ ಪಂಜಾಬಿನ ಗಲಭೆಯ ದಿನಗಳಲ್ಲಿ ಭದ್ರತೆಯ ಕಾರಣದಿಂದ ರಾತ್ರಿಯ ಪ್ರವೇಶ ನಿಂತುಹೋಯಿತು. ಇಪ್ಪತ್ತು ವರ್ಷಗಳ ನಂತರ, 2004ರ ನವೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಅನುಮತಿ ನೀಡಿತು. ತಿಂಗಳಿಗೆ ಐದು ರಾತ್ರಿ ಮಾತ್ರ: ಹುಣ್ಣಿಮೆ, ಅದರ ಹಿಂದಿನ ಎರಡು ದಿನ, ಮುಂದಿನ ಎರಡು ದಿನ. ಶುಕ್ರವಾರವೂ ರಂಜಾನ್ ಮಾಸವೂ ಇಲ್ಲ. ಐವತ್ತು ಜನರ ಎಂಟು ತಂಡಗಳು, ಪ್ರತಿ ತಂಡಕ್ಕೆ ಅರ್ಧ ಗಂಟೆ. ಒಂದು ರಾತ್ರಿಗೆ 400 ಜನರಿಗಿಂತ ಹೆಚ್ಚಿಲ್ಲ. ಗೋರಿಯ ಬಳಿಗೆ ಬಿಡುವುದಿಲ್ಲ. ಮಹಾದ್ವಾರದ ಬಳಿಯ ಕೆಂಪು ಕಲ್ಲಿನ ಜಗತಿಯ ಮೇಲೆ, ಸುಮಾರು 300 ಮೀಟರ್ ದೂರದಲ್ಲಿ ನಿಂತು ನೋಡಬೇಕು. ಅಷ್ಟು ದೂರದಿಂದ ಚಮ್ಕಿ ಕಾಣುವುದಿಲ್ಲವೆಂಬುದನ್ನು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು.

ಉತ್ತರದ ಕ್ಷೇತ್ರಗಳ ಯಾತ್ರೆ ಮುಗಿಸಿ ಹಿಂದಿರುಗುವಾಗ ನಾವು ಎಂಟು ಜನ ಆಗ್ರಾದಲ್ಲಿ ಇಳಿದಿದ್ದೆವು. ಸೂರ್ಯಾಸ್ತಕ್ಕೆ ಮೊದಲೇ ಧರ್ಮಶಾಲೆಯಲ್ಲಿ ಊಟ ಮುಗಿಸಿದ್ದರಿಂದ ರಾತ್ರಿಯ ಸರದಿಗೆ ಕಾಯುವುದು ನಮಗೆ ಕಷ್ಟವೆನಿಸಲಿಲ್ಲ. ಶಿಲ್ಪಗ್ರಾಮದಲ್ಲಿ ತಪಾಸಣೆಗೆ ಕುಳಿತಿದ್ದಾಗ ನಮ್ಮೊಡನಿದ್ದ ಮಾರ್ಗದರ್ಶಿ ತನ್ನ ಕಥೆಗಳನ್ನೆಲ್ಲ ಒಂದೊಂದಾಗಿ ಹೇಳಿದನು. ಷಹಜಹಾನನು ಶಿಲ್ಪಿಗಳ ಕೈ ಕಡಿಸಿದನಂತೆ. ನದಿಯ ಆಚೆ ದಡದಲ್ಲಿ ತನಗಾಗಿ ಕರಿಯ ತಾಜಮಹಲನ್ನು ಕಟ್ಟಿಸಲು ಹೊರಟಿದ್ದನಂತೆ. ಕೈ ಕಡಿಸಿದ ಕಥೆಗೆ ಆಧಾರವಿಲ್ಲ. ಪ್ರಧಾನ ವಾಸ್ತುಶಿಲ್ಪಿಯೆಂದು ಹೆಸರಿಸಲಾಗುವ ಉಸ್ತಾದ್ ಅಹಮದ್ ಲಾಹೋರಿಯು 1639ರಲ್ಲಿ ಆರಂಭವಾದ ದೆಹಲಿಯ ಕೆಂಪುಕೋಟೆಯ ಕೆಲಸದಲ್ಲಿಯೂ ಇದ್ದನು. ಕರಿಯ ತಾಜಿನ ಮೂಲ ಟ್ಯಾವರ್ನಿಯೆ ಎಂಬ ಫ್ರೆಂಚ್ ರತ್ನವ್ಯಾಪಾರಿಯ ಪ್ರವಾಸಕಥನ. ಷಹಜಹಾನನು ಆಚೆ ದಡದಲ್ಲಿ ತನ್ನ ಗೋರಿಯನ್ನು ಆರಂಭಿಸಿದ್ದನೆಂದು ಆತ ಬರೆದನು, ಉಳಿದ ಬಣ್ಣವನ್ನು ಕಾಲ ಹಚ್ಚಿತು.

ಆಚೆ ದಡದಲ್ಲಿ ನಿಜವಾಗಿಯೂ ಇದ್ದುದು ಒಂದು ತೋಟ. ಅದರ ಹೆಸರು ಮೆಹತಾಬ್ ಬಾಗ್, ಎಂದರೆ ಬೆಳದಿಂಗಳ ತೋಟ. 1990ರ ದಶಕದ ಉತ್ಖನನದಲ್ಲಿ ಅಲ್ಲಿ ಎಂಟು ಮೂಲೆಗಳ ದೊಡ್ಡ ಕೊಳವೂ ಅದರೊಳಗೆ 25 ಕಾರಂಜಿಗಳ ನೆಲೆಯೂ ಬೆಳಕಿಗೆ ಬಂದವು. ನದಿಯಾಚೆಯ ಬಿಳಿಯ ಗುಮ್ಮಟ ಬೆಳದಿಂಗಳಲ್ಲಿ ಆ ಕೊಳದ ನೀರಿಗೆ ಬೀಳಲೆಂದು ಇಡೀ ತೋಟವನ್ನೇ ಅಳೆದು ಕೂರಿಸಿದ್ದರು. ಕಟ್ಟಿಸಿದವನು ರಾತ್ರಿಯ ನೋಟಕ್ಕೆಂದು ಇಟ್ಟುಕೊಂಡ ದೀಪ ಚಂದ್ರನೊಬ್ಬನೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವ್ಯಾಪಾರಿಯಾದವನ ಕಣ್ಣು ಗುಮ್ಮಟಕ್ಕಿಂತ ಮೊದಲು ಲೆಕ್ಕದ ಕಡೆಗೆ ಹೋಗುತ್ತದೆ. 1631ರಲ್ಲಿ ಬುರಹಾನ್‌ಪುರದಲ್ಲಿ ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡ ಮುಮ್ತಾಜಳ ಗೋರಿಯ ಕೆಲಸ 1632ರಲ್ಲಿ ಆರಂಭವಾಯಿತು. ಆಸ್ಥಾನದ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿ ಕೊಡುವ ವೆಚ್ಚ 50 ಲಕ್ಷ ರೂಪಾಯಿ. ಇದರ ರಕ್ಷಣೆಗಾಗಿ ಚಕ್ರವರ್ತಿಯು 30 ಹಳ್ಳಿಗಳ ಆದಾಯವನ್ನು ದತ್ತಿಯಾಗಿ ಬಿಟ್ಟನು. ಅದು ವರ್ಷಕ್ಕೆ 40 ಲಕ್ಷ ದಾಮ್, ರೂಪಾಯಿಗೆ 40 ದಾಮ್‌ನಂತೆ ಒಂದು ಲಕ್ಷ ರೂಪಾಯಿ. ಇದಲ್ಲದೆ ದಕ್ಷಿಣದ ಬಾಗಿಲ ಹೊರಗೆ ಅಂಗಡಿಸಾಲುಗಳನ್ನೂ ಸರಾಯಿಗಳನ್ನೂ ಕಟ್ಟಿಸಿ ಅವುಗಳ ಬಾಡಿಗೆಯನ್ನೂ ಸೇರಿಸಿದನು. ಇಂದಿನ ತಾಜ್‌ಗಂಜ್ ಬೆಳೆದುದು ಅಲ್ಲಿಯೇ. ಹಳ್ಳಿಗಳ ಆದಾಯವೊಂದನ್ನೇ ಹಿಡಿದರೂ ಮೂಲವೆಚ್ಚದ ಶೇಕಡಾ 2ರಷ್ಟು ವರ್ಷ ವರ್ಷವೂ ದುರಸ್ತಿಗೂ ಸೇವಕರಿಗೂ ಮೀಸಲು. ಶಿಖರಕ್ಕೆ ಹಣ ಕೂಡಿಸಿ, ಕಲಶವಿಟ್ಟ ಮರುವರ್ಷ ಸುಣ್ಣ ಬಳಿಸಲು ಚಂದಾ ಪುಸ್ತಕ ಹಿಡಿದು ಹೊರಡುವ ನಮ್ಮ ಸಮಿತಿಗಳು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ನಮ್ಮ ಹಿರಿಯರಿಗೂ ಇದು ತಿಳಿದಿತ್ತು. ಹುಳ್ಳರಾಜನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ನಿರ್ಮಿಸಿದಾಗ ಹೊಯ್ಸಳ ನರಸಿಂಹನಿಂದ ಸವಣೇರು ಗ್ರಾಮವನ್ನು ದತ್ತಿಯಾಗಿ ಪಡೆದನಷ್ಟೆ.

ಅಷ್ಟೆಲ್ಲ ಇದ್ದರೂ ನೀರು ಸೋರುವುದು ತಪ್ಪಲಿಲ್ಲ! 1652ರಲ್ಲಿ ರಾಜಕುಮಾರ ಔರಂಗಜೇಬನು ತಂದೆಗೆ ಬರೆದ ಕಾಗದದಲ್ಲಿ, ಮಳೆಗಾಲದಲ್ಲಿ ದೊಡ್ಡ ಗುಮ್ಮಟವು ಉತ್ತರ ಭಾಗದಲ್ಲಿ ಎರಡು ಕಡೆ ಸೋರುತ್ತಿದೆಯೆಂದೂ, ಪ್ರವಾಹದಲ್ಲಿ ಮೆಹತಾಬ್ ಬಾಗ್ ಮುಳುಗಿತ್ತೆಂದೂ ವರದಿಯಿದೆ.

ಈ ಅಮೃತಶಿಲೆ ಮಕರಾನದಿಂದ ಗಾಡಿಗಳ ಮೇಲೆ ಬಂದು ಏರುತ್ತಿದ್ದ ವರ್ಷಗಳಲ್ಲಿ ಅದೇ ಊರಿನಲ್ಲಿ ಒಬ್ಬ ಜೈನ ವ್ಯಾಪಾರಿಯಿದ್ದನು. ಕವಿವರ ಬನಾರಸೀದಾಸ, ಜೌನ್‌ಪುರದಲ್ಲಿ 1586ರಲ್ಲಿ ಹುಟ್ಟಿದ ಶ್ರೀಮಾಲ ವಂಶದವನು. ರತ್ನ, ಬಟ್ಟೆಗಳ ವ್ಯಾಪಾರದಲ್ಲಿ ಪದೇ ಪದೇ ಸೋತವನು. ಮೂರು ಮದುವೆ, ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. 1641ರಲ್ಲಿ ತನ್ನ 55ನೆಯ ವಯಸ್ಸಿನಲ್ಲಿ, ಮನುಷ್ಯನ ಪೂರ್ಣಾಯುಷ್ಯ 110 ವರ್ಷವೆಂದು ಎಣಿಸಿ, ಅರ್ಧ ಬಾಳಿನ ಕಥೆಯೆಂದು ‘ಅರ್ಧಕಥಾನಕ’ವನ್ನು ಬರೆದನು. ಹಿಂದಿಯ ಮೊದಲ ಆತ್ಮಕಥೆಯೆಂದು ವಿದ್ವಾಂಸರು ಅದನ್ನು ಎಣಿಸುತ್ತಾರೆ. ತನ್ನ ದೋಷಗಳನ್ನೂ ನಷ್ಟಗಳನ್ನೂ ಖಾತೆಕಿರ್ದಿಯಂತೆ ಬರೆದಿಟ್ಟ ಇಂಥ ಪುಸ್ತಕ ನಮ್ಮ ವರ್ತಕ ಸಮಾಜದಲ್ಲಿ ಮತ್ತೊಂದಿಲ್ಲವೆಂದು ನಾನು ಧೈರ್ಯದಿಂದ ಹೇಳಬಲ್ಲೆ.

ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯವೂ ಆ ಪುಸ್ತಕದಲ್ಲಿದೆ. 1635ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ಅಲ್ಲಿಯ ಅಧ್ಯಾತ್ಮ ಗೋಷ್ಠಿಯವರಿಗೆ ‘ಗೊಮ್ಮಟಸಾರ’ವನ್ನು ಓದಿ ಅರ್ಥ ಹೇಳಿದರು, ಬನಾರಸೀದಾಸನ ಗೊಂದಲಗಳು ತಿಳಿಯಾದುದು ಆ ಶ್ರವಣದಿಂದ. ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ, 1359ರಲ್ಲಿ ಕೇಶವವರ್ಣಿಯು ಕನ್ನಡದಲ್ಲಿ ಟೀಕೆ ಬರೆದ ಅದೇ ಗ್ರಂಥ. ಯಮುನೆಯ ದಡದಲ್ಲಿ ಸಾವಿರಾರು ಜನ ಚಕ್ರವರ್ತಿಯ ಶೋಕಕ್ಕೆ ಕಲ್ಲು ಕೆತ್ತುತ್ತಿದ್ದಾಗ, ಅದೇ ನಗರದ ಬಸದಿಯೊಂದರಲ್ಲಿ ಕೆಲವು ವರ್ತಕರು ಅಂಗಡಿ ಮುಚ್ಚಿ ಬಂದು ಜೀವಕಾಂಡ, ಕರ್ಮಕಾಂಡಗಳನ್ನು ಕೇಳುತ್ತಿದ್ದರು. ಬನಾರಸೀದಾಸನ ಇನ್ನೊಂದು ಕೃತಿ ‘ಸಮಯಸಾರ ನಾಟಕ’ಕ್ಕೆ ಆಧಾರ ಅಮೃತಚಂದ್ರಾಚಾರ್ಯರು ಸಮಯಸಾರಕ್ಕೆ ಬರೆದ ಕಲಶಗಳು. ಈ ಆಚಾರ್ಯರ ಹೆಸರು ಮುಂದೆ ಮತ್ತೆ ಬರುವುದರಿಂದ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ದೀಪಗಳ ವಿಷಯ. 1997ರ ಮಾರ್ಚ್ ತಿಂಗಳಿನಲ್ಲಿ ಯಾನಿ ಎಂಬ ಗ್ರೀಕ್ ಸಂಗೀತಗಾರನ ಕಚೇರಿ ತಾಜಮಹಲಿನ ಹಿಂಬದಿಯ ನದಿಯ ದಂಡೆಯಲ್ಲಿ ನಡೆಯಿತು. ಅದಕ್ಕಾಗಿ ಕಟ್ಟಡಕ್ಕೆ ಕೆಲವು ರಾತ್ರಿ ದೊಡ್ಡ ವಿದ್ಯುದ್ದೀಪಗಳ ಬೆಳಕು ಹಾಯಿಸಿದರು. ಬೆಳಗಾದಾಗ ಅಮೃತಶಿಲೆಯ ಮೇಲೆ ಸತ್ತ ಹುಳಗಳ ರಾಶಿ. ಅವುಗಳ ದೇಹದ ಕಲೆಗಳು ಕಲ್ಲಿಗೆ ಅಂಟಿಕೊಂಡಿದ್ದವು. ಪುರಾತತ್ವ ಸರ್ವೇಕ್ಷಣ ಇಲಾಖೆಯ ರಸಾಯನ ಶಾಖೆಯವರು ಪರೀಕ್ಷಿಸಿ, ಇನ್ನು ಮುಂದೆ ದೀಪಾಲಂಕಾರ ಬೇಡವೆಂದು ತಿಳಿಸಿದರು. ಪ್ರವಾಸೋದ್ಯಮದವರು ಆಮೇಲೆ ಎಷ್ಟೋ ಸಲ ಕೇಳಿಕೊಂಡರೂ ತಾಜಮಹಲು ಕತ್ತಲೆಯಲ್ಲಿಯೇ ಉಳಿದಿದೆ. ಆ ಹುಳಗಳ ಪರಿಣಾಮ ಸಣ್ಣದಲ್ಲವೆಂಬುದು ಮುಂದೆಯೂ ಸಿದ್ಧವಾಯಿತು. 2015ರಿಂದ ನದಿಯ ಕಡೆಯ ಗೋಡೆಗಳಲ್ಲಿ ಹಸಿರುಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಯಮುನೆಯ ಕೊಳಕು ನೀರಿನಲ್ಲಿ ಹುಟ್ಟುವ ಗೋಲ್ಡಿಕೈರೊನೋಮಸ್ ಎಂಬ ಸೊಳ್ಳೆಯಂಥ ಕೀಟದ ಮಲವದು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ವಿಷಯ ಹೋಯಿತು. ಆ ಕುಲದ ಕೀಟಗಳು ಬೆಳಕಿಗೆ ಮುತ್ತುವಂಥವು.

ಇಲಾಖೆಯವರ ಚಿಂತೆ ಕಲ್ಲಿನದು, ಹುಳಗಳದಲ್ಲ. ಆದರೆ ಕಲ್ಲನ್ನು ಉಳಿಸಹೋಗಿ ಅವರು ಅರಿಯದೆಯೇ ಲೆಕ್ಕವಿಲ್ಲದಷ್ಟು ಚತುರಿಂದ್ರಿಯ ಜೀವಗಳನ್ನು ಉಳಿಸಿದರು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ರಾತ್ರಿಭೋಜನ ತ್ಯಾಗವನ್ನು ವಿವರಿಸುವಾಗ ಎತ್ತುವ ಪ್ರಶ್ನೆ ಇದೇ ಅಲ್ಲವೇ? ಸೂರ್ಯನ ಬೆಳಕಿಲ್ಲದಾಗ ದೀಪ ಹಚ್ಚಿಕೊಂಡೇ ಉಂಡರೂ ಆಹಾರಕ್ಕೆ ಬೀಳುವ ಸೂಕ್ಷ್ಮ ಜೀವಿಗಳ ಹಿಂಸೆ ಹೇಗೆ ತಪ್ಪೀತು ಎಂಬುದು ಅವರ ತರ್ಕ. ಹತ್ತನೆಯ ಶತಮಾನದ ಆಚಾರ್ಯರಿಗೆ ಎಣ್ಣೆಯ ಸೊಡರಿನಲ್ಲಿ ಕಂಡ ಹಿಂಸೆ ಇಂದಿನ ನಮ್ಮ ಟ್ರಸ್ಟುಗಳಿಗೆ ಸಾವಿರ ವ್ಯಾಟಿನ ದೀಪದಲ್ಲಿ ಕಾಣದಿರುವುದೇಕೆ?

ಇದನ್ನು ಸುಮ್ಮನೆ ಕೇಳುತ್ತಿಲ್ಲ. ನನಗೆ ಪರಿಚಯವಿರುವ ಬಸದಿಯೊಂದಕ್ಕೆ ಕೆಲವು ವರ್ಷಗಳ ಹಿಂದೆ ಹೊರಗಿನಿಂದ ಹೊನಲು ಬೆಳಕಿನ ದೀಪಗಳನ್ನು ಹಾಕಿಸಿದರು. ಮಳೆಗಾಲದ ಮೊದಲ ವಾರದಲ್ಲಿ ರೆಕ್ಕೆ ಬಂದ ಗೆದ್ದಲುಗಳೂ ಪತಂಗಗಳೂ ಅಲ್ಲಿ ಮುತ್ತಿ, ಬೆಳಿಗ್ಗೆ ಪೂಜೆಗೆ ಬಂದ ಇಂದ್ರರು ಅಭಿಷೇಕದ ನೀರು ಸೇದುವ ಮೊದಲು ಅಂಗಳದಿಂದ ಸತ್ತ ಹುಳಗಳನ್ನು ಮೊರದ ತುಂಬ ಗುಡಿಸಿ ತೆಗೆಯಬೇಕಾಯಿತು. ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುವುದು ಯಾವ ಜೀವಗಳ ಸಲುವಾಗಿಯೋ, ಅವೇ ಜೀವಗಳು ಜಿನಾಲಯದ ಅಂಗಳದಲ್ಲಿ ಹೀಗೆ ಬಿದ್ದಿರುತ್ತವೆ.

ಎದುರು ವಾದಗಳಿಲ್ಲವೆಂದಲ್ಲ. ಕಚೇರಿ ಬಿಟ್ಟು ಬರುವ ಯುವಕರಿಗೆ ಸಂಜೆಯೇ ದರ್ಶನದ ಸಮಯ. ಪಂಚಲೋಹದ ಬಿಂಬಗಳ ಕಳವಿನ ಭಯ ನಿಜವಾದದ್ದು. ಮಹಾವೀರಸ್ವಾಮಿಯ ನಿರ್ವಾಣದ ನೆನಪಿಗೆ ನಾವೇ ದೀಪಾವಳಿಯನ್ನು ಆಚರಿಸುವವರು. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿಯಾಗಿ ತಪ್ಪದೆಂದು ಶ್ರಾವಕಾಚಾರಗಳೇ ಒಪ್ಪುತ್ತವೆ. ಆದರೆ ಬಾಗಿಲಿಗೂ ಮೆಟ್ಟಿಲಿಗೂ ಹಾಕಿದ ದೀಪ ಬೇರೆ, ರಸ್ತೆಯಲ್ಲಿ ಹೋಗುವವರು ಮೆಚ್ಚಲೆಂದು ಶಿಖರಕ್ಕೆ ಹಾಯಿಸಿದ ದೀಪ ಬೇರೆ. ಮೊದಲನೆಯದು ಆರಂಭೀ ಹಿಂಸೆಯ ಲೆಕ್ಕಕ್ಕೆ ಸೇರಬಹುದು. ಎರಡನೆಯದನ್ನು ಯಾವ ಖಾತೆಗೆ ಬರೆಯಬೇಕೆಂದು ನನಗೆ ತೋಚಿಲ್ಲ. ಹಳದಿ ಬಣ್ಣದ ದೀಪಕ್ಕೆ ಹುಳ ಮುತ್ತುವುದು ಬಿಳಿಯ ದೀಪಕ್ಕಿಂತ ಕಡಿಮೆ. ದೀಪಕ್ಕೆ ಮೇಲ್ಮರೆ ಕಟ್ಟಿ ನೆಲಕ್ಕೆ ಮಾತ್ರ ಬೆಳಕು ಬೀಳುವಂತೆ ಮಾಡಬಹುದು. ಆರತಿ ಮುಗಿದ ಮೇಲೆ ತಾನಾಗಿ ಆರುವ ಸ್ವಿಚ್ಚಿಗೆ ಹೆಚ್ಚು ಹಣ ಬೇಡ.

ನಮ್ಮ ಊರಿನ ಬಸದಿಯ ಸಮಿತಿಯಲ್ಲಿಯೂ ಶಿಖರದ ಸುತ್ತ ಹನ್ನೆರಡು ದೀಪಗಳಿಗೆ ಕೊಟೇಶನ್ ಬಂದಿದೆ. ದಾನಿಗಳೊಬ್ಬರು ಪೂರ್ತಿ ವೆಚ್ಚ ಕೊಡಲು ಸಿದ್ಧರಿದ್ದಾರೆ. ಸದ್ಭಾವದವರು, ಅವರ ಮನ ನೋಯಿಸುವ ಇಚ್ಛೆ ಯಾರಿಗೂ ಇಲ್ಲ. ಅದೇ ಹಣವನ್ನು ಠೇವಣಿಯಿಟ್ಟು ಅದರ ಬಡ್ಡಿಯಿಂದ ಪ್ರತಿ ಬೇಸಿಗೆಯಲ್ಲಿ ಮಾಡಿನ ಹಂಚು ಬದಲಿಸುವ ಸಲಹೆಯನ್ನು ನಾನು ಬರೆದುಕೊಟ್ಟಿದ್ದೇನೆ. ಮುಂದಿನ ಸಭೆ ಮಳೆಗಾಲಕ್ಕೆ ಮೊದಲೇ ಇದೆ.